ಅಂಟಿಸಿದ ಹೂವು, ಸಿಡಿದು ಬಂದ ಹೂವು: ಒಂದು ಮುಳ್ಳಂದಿ ಕಳ್ಳಿಯ ಕಥೆ

ಆರು ವರ್ಷದ ಹಿಂದೆ ನಾನು ಮನೆಗೆ ತಂದ ಕಳ್ಳಿ ಗಿಡದ ಹೂವು ಐದು ತಿಂಗಳಾದರೂ ಬಾಡಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮನೆಗೆ ಬಂದವರನ್ನೆಲ್ಲ ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ್ದೇ ತೋರಿಸಿದ್ದು.

ದಾವಣಗೆರೆಯ ಒಂದು ನರ್ಸರಿಯಲ್ಲಿ ತಂದದ್ದು. ಅಂಗೈ ಮೇಲೆ ಕೂರುವಷ್ಟು ಗಿಡ. ಮೈತುಂಬ ಗುಲಾಬಿ ಬಣ್ಣದ ಮುಳ್ಳು. ನೆತ್ತಿಯ ನಟ್ಟನಡುವೆ ಒಂದು ಹಳದಿ ಹೂವು. "ವರ್ಷಪೂರ್ತಿ ಹೂ ಇರ್ತದೆ ಸಾರ್" ಎಂದಿದ್ದ ಅಂಗಡಿಯವ. ಅವನು ಹೇಳಿದ್ದು ಸುಳ್ಳೇನೂ ಅಲ್ಲ ಅನ್ನಿ. ಒಂದು ದಿನ ಅಮ್ಮ ಧೂಳು ಒರೆಸುವಾಗ ಹೂವು ಅವಳ ಕೈಗೇ ಬಂತು. ಕೆಳಗೆ ಗಟ್ಟಿಯಾದ ಅಂಟಿನ ಉಂಡೆ. ಒಣಗಿದರೂ ಬಣ್ಣ ಬಿಡದ, ಮುಟ್ಟಿದರೆ ಕಾಗದದ ಹಾಗೆ ಚರಚರ ಎನ್ನುವ ಬೇರೆ ಯಾವುದೋ ಗಿಡದ ಹೂವನ್ನು ತಂದು, ಬಿಸಿ ಅಂಟು ಹಾಕಿ ಕಳ್ಳಿಯ ತಲೆಗೆ ಮೆತ್ತಿದ್ದರು.

ಇದು ಆ ಒಂದು ಅಂಗಡಿಯ ಕೈಚಳಕ ಅಲ್ಲ, ಜಗತ್ತಿನ ಎಷ್ಟೋ ಕಡೆ ಹೀಗೆ ಮಾರುತ್ತಾರೆ ಎಂದು ಆಮೇಲೆ ತಿಳಿಯಿತು. ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಇದು ಸುಳ್ಳು ಹೂವಾದರೆ ಈ ಗಿಡದ ನಿಜವಾದ ಹೂವು ಹೇಗಿರುತ್ತದೆ? ಎಲ್ಲಿಂದ ಬರುತ್ತದೆ? ಯಾಕೆ ಬರುತ್ತಿಲ್ಲ? ಉತ್ತರ ಸಿಗಲು ಐದು ವರ್ಷ ಹಿಡಿಯಿತು. ಅದರಲ್ಲಿ ಅರ್ಧ ನನ್ನದೇ ದಡ್ಡತನದಿಂದ ಹೋದ ವರ್ಷಗಳು.

ಮೊದಲು ಹೆಸರು ನೋಡಿಬಿಡೋಣ. ಗಿಡದ ಹೆಸರು ಎಕೈನೋಸೀರಿಯಸ್ ರಿಜಿಡಿಸಿಮಸ್. ಬಾಯಿ ತಿರುಗಲು ಸ್ವಲ್ಪ ಕಷ್ಟ. ಮಾರುವವರು ರೇನ್‌ಬೋ ಕ್ಯಾಕ್ಟಸ್ ಎನ್ನುತ್ತಾರೆ. ಎಕೈನೋಸೀರಿಯಸ್ ಎಂಬ ಇಡೀ ಕುಲಕ್ಕೆ ಹೆಡ್ಜ್‌ಹಾಗ್ ಕ್ಯಾಕ್ಟಸ್ ಎಂಬ ಅಡ್ಡಹೆಸರು. ಹೆಡ್ಜ್‌ಹಾಗ್ ಅಂದರೆ ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಲ್ಲಿ ಉದ್ದುದ್ದ ಮುಳ್ಳು ಉದುರಿಸಿಕೊಂಡು ಓಡಾಡುವ ಮುಳ್ಳುಹಂದಿ ಅಲ್ಲ. ಇಲಿಗಿಂತ ಸ್ವಲ್ಪ ದೊಡ್ಡದು, ಗಿಡ್ಡ ಮುಳ್ಳಿನದು, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಪ್ರಾಣಿ. ನಮ್ಮ ಭಾಷೆಯಲ್ಲಿ ಎರಡಕ್ಕೂ ಮುಳ್ಳಂದಿ ಅಂದುಬಿಡುತ್ತೇವೆ, ನಾನೂ ಹಾಗೇ ಅನ್ನುತ್ತೇನೆ. ಗ್ರೀಕ್‌ನಲ್ಲಿ ಎಕೈನೋಸ್ ಎಂದರೆ ಈ ಪ್ರಾಣಿ, ಲ್ಯಾಟಿನ್‌ನಲ್ಲಿ ಸೀರಿಯಸ್ ಎಂದರೆ ಮೇಣದ ಬತ್ತಿ. ಮುಳ್ಳು ಹೊದ್ದ ಮೇಣದ ಬತ್ತಿ. ಗಿಡ ನೋಡಿದರೆ ಹೆಸರು ಇಟ್ಟವನ ಮೇಲೆ ಗೌರವ ಬರುತ್ತದೆ. ಇಟ್ಟವನು ಜಾರ್ಜ್ ಎಂಗೆಲ್ಮನ್, 1848ರಲ್ಲಿ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಗಿಗಳನ್ನು ನೋಡಿಕೊಂಡಿದ್ದ ಡಾಕ್ಟರು. ಬಿಡುವಿನಲ್ಲಿ ಕಳ್ಳಿ ನೋಡುತ್ತಿದ್ದ. ಈ ಕುಲದಲ್ಲಿ 60ಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲವೂ ಮೆಕ್ಸಿಕೋ ಮತ್ತು ಅಮೆರಿಕದ ಕಡೆಯವು. ನನ್ನದರ ತವರು ಅರಿಜೋನಾ, ನ್ಯೂ ಮೆಕ್ಸಿಕೋ ಗಡಿ ಮತ್ತು ಅದರ ಕೆಳಗಿನ ಮೆಕ್ಸಿಕೋದ ಸೊನೋರಾ, ಚಿವಾವಾ ಪ್ರಾಂತ್ಯಗಳು. ರಿಜಿಡಿಸಿಮಸ್ ಎಂದರೆ 'ತೀರಾ ಬಿರುಸಾದದ್ದು'. ಮುಳ್ಳಿನ ಬಗ್ಗೆ ಹೇಳಿದ ಮಾತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಚಿತ್ರದುರ್ಗದವರಿಗೆ ಕಳ್ಳಿ ಹೊಸದೇನಲ್ಲ. ಬೇಲಿಯಲ್ಲಿ ಕಳ್ಳಿ, ಗುಡ್ಡದಲ್ಲಿ ಕಳ್ಳಿ. ಆದರೆ ಮುರಿದರೆ ಹಾಲು ಸುರಿಯುವ ಚದುರಗಳ್ಳಿಯಂಥವು ಕ್ಯಾಕ್ಟಸ್ಸೇ ಅಲ್ಲ, ಅವು ಔಡಲ ಗಿಡದ ಬಳಗದವು. ಒಣ ನೆಲದಲ್ಲಿ ಬದುಕಬೇಕಾಗಿ ಬಂದಾಗ ಎರಡು ಬೇರೆ ಬೇರೆ ವಂಶಗಳು, ಎರಡು ಬೇರೆ ಖಂಡಗಳಲ್ಲಿ, ಒಂದೇ ಥರದ ದಪ್ಪ ಕಾಂಡ ಮತ್ತು ಮುಳ್ಳಿಗೆ ಬಂದು ನಿಂತವು. ಕೋಟೆ ಸುತ್ತಮುತ್ತ ಕಾಣುವ, ಚಪ್ಪಟೆ ಹಸ್ತದಂಥ ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್. ಅದೂ ಇಲ್ಲಿಯದಲ್ಲ, ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. ಒಂದು ಕಾಲಕ್ಕೆ ದಕ್ಷಿಣ ಭಾರತದ ಹೊಲಗದ್ದೆಗಳನ್ನೇ ನುಂಗಿ ಕೂತಿತ್ತಂತೆ. 1926ರಲ್ಲಿ ಶ್ರೀಲಂಕಾದಿಂದ ಒಂದು ಬಿಳಿ ಬೂಷ್ಟಿನಂಥ ಹುಳು ತಂದು ಬಿಟ್ಟ ಮೇಲೆ ಅದರ ಸೊಕ್ಕು ಇಳಿಯಿತು. ಹಾಲು ಬಂದರೆ ಕ್ಯಾಕ್ಟಸ್ ಅಲ್ಲ ಎಂಬುದು ಒಂದು ಒರಟು ಲೆಕ್ಕ. ಹಾಲು ಬರುವ ಒಂದಷ್ಟು ಕ್ಯಾಕ್ಟಸ್ಸುಗಳೂ ಇವೆ. ಅದಕ್ಕಿಂತ ಗಟ್ಟಿ ಗುರುತು ಬೇರೆ ಇದೆ, ಈಗ ಅದಕ್ಕೇ ಬರುತ್ತೇನೆ.

ಕ್ಯಾಕ್ಟಸ್ಸಿನ ಮುಳ್ಳು ಕಾಂಡದ ಮೇಲೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಹತ್ತಿಯುಂಡೆಯನ್ನು ಒತ್ತಿ ಇಟ್ಟಂತೆ ಒಂದು ಪುಟ್ಟ ಉಣ್ಣೆಯ ಗುರುತು ಇರುತ್ತದಲ್ಲ, ಅದರಿಂದ ಮಾತ್ರ ಹುಟ್ಟುತ್ತದೆ. ಅದಕ್ಕೆ ಅರಿಯೋಲ್ ಎನ್ನುತ್ತಾರೆ. ನಾನು ಮೆತ್ತೆ ಎನ್ನುತ್ತೇನೆ, ನಮ್ಮ ಮಾತಿಗೆ ಅದೇ ಸರಿ. ಈ ಮೆತ್ತೆ ನಿಜಕ್ಕೂ ಬೆಳೆಯದೆ ಕುಗ್ಗಿ ಕುಳಿತ ಒಂದು ಟೊಂಗೆ. ಮಾವಿನ ಮರದಲ್ಲಿ ಎಲೆಯ ಬುಡದಲ್ಲಿ ಒಂದು ಮೊಗ್ಗು ಇರುತ್ತದೆ ಅಲ್ವಾ, ಕೊಂಬೆ ಕಡಿದರೆ ಅದು ಚಿಗುರುತ್ತದೆ. ಅಂಥದ್ದೇ ಮೊಗ್ಗು ಇಲ್ಲಿ ಉಣ್ಣೆ ಹೊದ್ದು ಮಲಗಿದೆ. ಅದರ ಎಲೆಗಳೇ ಮುಳ್ಳಾಗಿವೆ. ಹಾಗಾಗಿ ಒಂದೊಂದು ಮೆತ್ತೆಗೂ ಮೂರು ಕೆಲಸ ಗೊತ್ತು. ಮುಳ್ಳು ಹುಟ್ಟಿಸುವುದು, ಬೇಕಾದರೆ ಹೊಸ ಕಾಂಡ ಹುಟ್ಟಿಸುವುದು, ಕಾಲ ಬಂದರೆ ಹೂವು.

ಇದನ್ನು ನಾನು ಓದಿ ನಂಬಿದ್ದಲ್ಲ. ಅಂಟು ಮೆತ್ತಿದ್ದು ಗಿಡದ ನೆತ್ತಿಗೆ. ನೆತ್ತಿ ಅಂದರೆ ಬೆಳೆಯುವ ತುದಿ, ಹೊಸ ಮೆತ್ತೆಗಳು ಹುಟ್ಟುವ ಜಾಗ. ಬಿಸಿ ಅಂಟಿಗೆ ಅದು ಸುಟ್ಟು ಹೋಗಿತ್ತು. ಹೂವು ಕಿತ್ತು ಬಂದ ಮೇಲೆ ಅಲ್ಲಿ ಕಂದು ಬಣ್ಣದ ಗುಳಿ, ಬೆಳವಣಿಗೆ ಶೂನ್ಯ. ಇನ್ನೇನು ಕಥೆ ಮುಗಿಯಿತು ಎಂದುಕೊಂಡಿದ್ದೆ. ಏಳೆಂಟು ತಿಂಗಳಿಗೆ ಗುಳಿಯ ಪಕ್ಕದ ಎರಡು ಮೆತ್ತೆಗಳು ಉಬ್ಬಿದವು. ಎರಡು ಪುಟ್ಟ ತಲೆಗಳು ಹೊರಬಂದವು. ರಿಜಿಡಿಸಿಮಸ್ ಸಾಮಾನ್ಯವಾಗಿ ಒಂಟಿ ಕಂಬದ ಹಾಗೆ ಬೆಳೆಯುವ ಜಾತಿ, ಮರಿ ಹಾಕುವುದು ಅಪರೂಪ. ನನ್ನದು ಮಾತ್ರ ಈಗ ಎರಡು ತಲೆಯ ಗಿಡ. ಯಾರೋ ಮಾಡಿದ ಮೋಸಕ್ಕೆ ಅದು ಕೊಟ್ಟ ಉತ್ತರ ಎಂದು ನಾನು ಹೇಳಿಕೊಳ್ಳುತ್ತೇನೆ, ಗಿಡಕ್ಕೆ ಅದೆಲ್ಲ ಗೊತ್ತಿಲ್ಲ ಬಿಡಿ.

ಮೆತ್ತೆಗಳು ಸಾಲಾಗಿ ನಿಂತಿರುವುದು ಏಣುಗಳ ಮೇಲೆ. ಮೇಲಿನಿಂದ ಕೆಳಕ್ಕೆ ಇಳಿಯುವ ಉಬ್ಬು ಗೆರೆಗಳು. ಹಳೆ ಕಾಂಡದ ಮೇಲೆ ಒಂದು ಭಾನುವಾರ ಕೂತು ಎಣಿಸಿದೆ. 19 ಏಣು. ಒಂದೊಂದರಲ್ಲಿ ಹೆಚ್ಚುಕಮ್ಮಿ 14 ಮೆತ್ತೆ. ಒಂದೊಂದು ಮೆತ್ತೆಯಲ್ಲಿ ಸುಮಾರು 18 ಮುಳ್ಳು. ಗುಣಿಸಿದರೆ 4,788. ಅರ್ಧ ಗೇಣೂ ಎತ್ತರವಿಲ್ಲದ ಗಿಡಕ್ಕೆ ಐದು ಸಾವಿರದ ಹತ್ತಿರ ಮುಳ್ಳು. ಕಾಡಿನಲ್ಲಿ ಪೂರ್ತಿ ಬೆಳೆದದ್ದು 25 ಸೆಂಟಿಮೀಟರ್ ಎತ್ತರ, 10 ಸೆಂಟಿಮೀಟರ್ ದಪ್ಪ ಆಗಬಹುದು. ಅದರ ಲೆಕ್ಕ ನೀವೇ ಹಾಕಿಕೊಳ್ಳಿ.

ಏಣು ಯಾಕೆ ಬೇಕು ಅಂದರೆ, ಹಾರ್ಮೋನಿಯಂನ ತಿದಿ ನೆನಪಿಸಿಕೊಳ್ಳಿ. ಮಡಿಕೆ ಇರುವುದರಿಂದ ಅದು ಹರಿಯದೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಳೆ ಬಂದಾಗ ಕಾಂಡ ನೀರು ಕುಡಿದು ಉಬ್ಬುತ್ತದೆ, ಏಣುಗಳ ನಡುವಿನ ಕಣಿವೆ ತುಂಬಿ ಬರುತ್ತದೆ. ಬೇಸಿಗೆಯಲ್ಲಿ ಮತ್ತೆ ಮಡಚಿಕೊಳ್ಳುತ್ತದೆ. ನುಣುಪು ಚೆಂಡಿನ ಹಾಗೆ ಇದ್ದಿದ್ದರೆ ಉಬ್ಬಿದಾಗ ಚರ್ಮ ಸಿಡಿಯುತ್ತಿತ್ತು.

ಮುಳ್ಳಿನ ವಿಷಯ ಇನ್ನೂ ಚೆಂದ. ಕುರಿ ಮೇಕೆ ಬಾಯಿ ಹಾಕದಿರಲಿ ಅಂತ ಮುಳ್ಳು ಇದೆ ಎಂದು ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಈ ಗಿಡದ ಮುಳ್ಳು ಚುಚ್ಚಲು ನೆಟ್ಟಗೆ ನಿಂತೇ ಇಲ್ಲ. ಮೆತ್ತೆಯ ಎರಡೂ ಕಡೆಗೆ ಮೈಗೆ ಅಂಟಿಕೊಂಡಂತೆ ಹರಡಿದೆ. ಅಜ್ಜಿಯರು ಹೇನು ತೆಗೆಯಲು ಇಟ್ಟುಕೊಳ್ಳುತ್ತಿದ್ದ ಎರಡು ಬದಿಯ ಸೀರಣಿಗೆ ನೋಡಿದ್ದೀರಾ? ಥೇಟ್ ಅದೇ. ಬೇರೆ ಎಷ್ಟೋ ಮುಳ್ಳಂದಿ ಕಳ್ಳಿಗಳಲ್ಲಿ ಮೆತ್ತೆಯ ನಡುವಿನಿಂದ ಉದ್ದನೆಯ ಈಟಿಯಂಥ ಮುಳ್ಳು ಹೊರಗೆ ಚಾಚಿರುತ್ತದೆ. ಎಂಗೆಲ್ಮನ್ ಹೆಸರಿನಲ್ಲೇ ಇರುವ ಎಂಗೆಲ್ಮನೈ ಜಾತಿಯನ್ನು ಬರಿಗೈಯಲ್ಲಿ ಮುಟ್ಟುವ ಧೈರ್ಯ ಯಾರೂ ಮಾಡಬಾರದು. ನನ್ನದರಲ್ಲಿ ಆ ನಡುವಿನ ಮುಳ್ಳೇ ಇಲ್ಲ. ಜಾತಿ ಗುರುತಿಸಲು ಇದು ಒಳ್ಳೆ ಚಿಹ್ನೆ.

ಹಾಗಾದರೆ ಇಷ್ಟು ಮುಳ್ಳಿನ ಮುಖ್ಯ ಕೆಲಸ ಏನು? ನೆರಳು. ಪಕ್ಕಪಕ್ಕದ ಮೆತ್ತೆಯ ಮುಳ್ಳುಗಳು ಒಂದರೊಳಗೊಂದು ಹೆಣೆದುಕೊಂಡು ಕಾಂಡದ ಮೇಲೆ ಚಪ್ಪರ ಹಾಕಿದಂತಾಗಿದೆ. ಸೂರ್ಯನ ಬಿಸಿಲು ನೇರ ಹಸಿರು ಚರ್ಮಕ್ಕೆ ಬೀಳುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಬಂಡೆಗಳು ರಾತ್ರಿ ಎಂಟು ಗಂಟೆಗೂ ಬಿಸಿ ಕಾರುತ್ತಿರುತ್ತವೆ. ಅಂಥ ಊರಲ್ಲಿ ಹುಟ್ಟಿದವರಿಗೆ ಚಪ್ಪರದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಮುಳ್ಳು ಸತ್ತ ಕೋಶಗಳ ಕಟ್ಟು, ಅದರಲ್ಲಿ ನೀರಿಲ್ಲ, ಹಾಗಾಗಿ ಒಣಗುವ ಭಯವೂ ಇಲ್ಲ. ಎಲೆ ಇದ್ದಿದ್ದರೆ ಅದರ ಮೂಲಕ ನೀರು ಹಬೆಯಾಗಿ ಹೋಗುತ್ತಿತ್ತು. ಎಲೆಯನ್ನೇ ನೆರಳಿನ ಕಡ್ಡಿ ಮಾಡಿಕೊಂಡಿತು ಗಿಡ. ಅಡುಗೆ ಮಾಡುವ ಕೆಲಸ, ಅಂದರೆ ಬೆಳಕಿನಿಂದ ಆಹಾರ ಮಾಡುವ ಕೆಲಸ, ಹಸಿರು ಕಾಂಡಕ್ಕೆ ಬಂತು.

ಕಾಮನಬಿಲ್ಲು ಎಂಬ ಹೆಸರು ಬಂದದ್ದೂ ಮುಳ್ಳಿನಿಂದಲೇ. ಹೊಸ ಮುಳ್ಳು ನೆತ್ತಿಯಲ್ಲಿ ಹುಟ್ಟುವಾಗ ಕಡು ಗುಲಾಬಿ ಇರಬಹುದು, ಇನ್ನೊಂದು ಕಾಲದಲ್ಲಿ ಹುಟ್ಟಿದ್ದು ಬಿಳಿ ಇರಬಹುದು. ಅವು ಬೆಳೆಯುತ್ತ ಕೆಳಗೆ ಸರಿದಂತೆ ಕಾಂಡದ ಸುತ್ತ ಬಣ್ಣಬಣ್ಣದ ಪಟ್ಟಿಗಳು ಉಳಿಯುತ್ತವೆ. ಕೈತುಂಬ ಗಾಜಿನ ಬಳೆ ಇಟ್ಟಂತೆ. ರೂಬಿಸ್ಪೈನಸ್ ಎಂಬ ಉಪಜಾತಿ ಮಾತ್ರ ಪೂರ್ತಿ ಮಾಣಿಕ್ಯದ ಬಣ್ಣ, ಅದರ ಮೆತ್ತೆಗೆ ಮುಳ್ಳೂ ಜಾಸ್ತಿ. ಬಣ್ಣ ಬರಲು ಬಿಸಿಲು ಬೇಕು. ನೆರಳಲ್ಲಿಟ್ಟರೆ ಪೇಲವವಾಗಿ, ಉದ್ದುದ್ದ ಎಳೆದುಕೊಂಡು ಬೆಳೆಯುತ್ತದೆ. ಹಾಗೆ ಎಳೆದುಕೊಂಡ ಭಾಗ ಮತ್ತೆ ದಪ್ಪ ಆಗುವುದಿಲ್ಲ, ಸೊಂಟ ಕಟ್ಟಿದಂತೆ ಹಾಗೇ ಉಳಿದುಬಿಡುತ್ತದೆ.

ಇನ್ನು ಉಸಿರಾಟ. ಸಾಮಾನ್ಯ ಗಿಡಗಳು ಹಗಲು ಎಲೆಯ ಸಣ್ಣ ಕಿಂಡಿಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ. ಕಿಂಡಿ ತೆರೆದರೆ ಒಳಗಿನ ನೀರೂ ಹೊರಗೆ ಹೋಗುತ್ತದೆ. ಕಳ್ಳಿಗೆ ಅದು ದುಬಾರಿ. ಅದಕ್ಕೆ ಅದು ರಾತ್ರಿ ತಂಪಿನಲ್ಲಿ ಕಿಂಡಿ ತೆರೆಯುತ್ತದೆ. ಆದರೆ ರಾತ್ರಿ ಬೆಳಕಿಲ್ಲ, ಅಡುಗೆ ಮಾಡಲಾಗದು. ಹಾಗಾಗಿ ತಂದ ಸಾಮಾನನ್ನು ಒಂದು ಹುಳಿಯಾಗಿ, ಮ್ಯಾಲಿಕ್ ಆಮ್ಲವಾಗಿ, ಕೂಡಿಡುತ್ತದೆ. ಬೆಳಗಾದ ಮೇಲೆ ಕಿಂಡಿ ಮುಚ್ಚಿಕೊಂಡು ಒಳಗೇ ಅದನ್ನು ಒಡೆದು ಬಳಸುತ್ತದೆ. ರಾತ್ರಿ ಸಂತೆ, ಹಗಲು ಅಡುಗೆ.

ಈ ಜಾಣ್ಮೆಯ ಮೊದಲ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಮೈಸೂರು ಸೀಮೆಯ ಸರ್ವೆಯಲ್ಲಿ ಕೆಲಸ ಮಾಡಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞ, ಎಲೆಯ ಅಂಚಿನಲ್ಲೇ ಮರಿ ಹುಟ್ಟುತ್ತದಲ್ಲ ಆ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಗ್ಗೆ ಹುಳಿ. ಮಧ್ಯಾಹ್ನ ರುಚಿಯೇ ಇಲ್ಲ. ಸಂಜೆಗೆ ಸ್ವಲ್ಪ ಕಹಿ. 1813ರಲ್ಲಿ ಇದನ್ನು ಲಂಡನ್ನಿಗೆ ಕಾಗದ ಬರೆದು ತಿಳಿಸಿದ. ಯಾವ ಯಂತ್ರವೂ ಇಲ್ಲ, ನಾಲಿಗೆ ಒಂದೇ. ಇಂಥವರ ಬಗ್ಗೆ ಓದಿದಾಗ ನನಗೆ ತುಂಬ ಖುಷಿಯಾಗುತ್ತದೆ. ಆದರೆ ಸಿಕ್ಕಸಿಕ್ಕ ಗಿಡ ಅಗಿಯಬೇಡಿ, ಮುಖ್ಯವಾಗಿ ಹಾಲು ಬರುವ ಕಳ್ಳಿಯನ್ನು.

ಮೈಯ ಕಥೆ ಇಷ್ಟು. ಈಗ ನನ್ನ ದಡ್ಡತನಕ್ಕೆ ಬರೋಣ.

ಅಂಟು ಹೂವು ಬಿದ್ದ ಮೇಲೆ ಗಿಡದ ಮೇಲೆ ನನಗೆ ಕನಿಕರ ಜಾಸ್ತಿಯಾಯಿತು. ದಿನ ಬಿಟ್ಟು ದಿನ ನೀರು. ಡಿಸೆಂಬರ್ ಬಂದಾಗ ಗಿಡ ಸ್ವಲ್ಪ ಕುಗ್ಗಿತು, ಬಣ್ಣ ಮಂಕಾಯಿತು. ನನಗೆ ಗಾಬರಿ, ಇನ್ನೊಂದು ಲೋಟ ನೀರು. ಅಮ್ಮ ಚಳ್ಳಕೆರೆ ಕಡೆಯವಳು. ರಾಜ್ಯದಲ್ಲೇ ಮಳೆ ತೀರಾ ಕಮ್ಮಿ ಬೀಳುವ ಸೀಮೆ. ಅವಳು ಬಾಗಿಲಲ್ಲಿ ನಿಂತು "ಕಳ್ಳಿಗೆ ಯಾರಾದ್ರೂ ನೀರು ಹಾಕ್ತಾರೇನೋ?" ಎಂದಳು. ನಾನು ಕೇಳಲಿಲ್ಲ. ನಾಲ್ಕು ಚಳಿಗಾಲ ಹೀಗೇ ಕಳೆಯಿತು. ಗಿಡ ಸಾಯಲಿಲ್ಲ, ಅದೇ ಪುಣ್ಯ. ಹೂವು ಮಾತ್ರ ಒಂದೂ ಇಲ್ಲ.

ತಪ್ಪು ಎಲ್ಲಿ ಎಂದು ಗೊತ್ತಾಗಬೇಕಾದರೆ ಅದರ ತವರಿನ ವರ್ಷವನ್ನು ನೋಡಬೇಕು. ಸೊನೋರಾ ಕಡೆಯ ಗುಡ್ಡಗಳಲ್ಲಿ, ಸಮುದ್ರಮಟ್ಟಕ್ಕಿಂತ 1,000 ಮೀಟರಿಗೂ ಮೇಲೆ, ಕಲ್ಲುಹುಲ್ಲಿನ ಇಳಿಜಾರಿನಲ್ಲಿ ಇದು ಬೆಳೆಯುತ್ತದೆ. ಅಲ್ಲಿಗೂ ಒಂದು ಮುಂಗಾರು ಇದೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆ ಮಳೆಯಲ್ಲಿ ಗಿಡ ಬೆಳೆಯುತ್ತದೆ. ಚಳಿಗಾಲದಲ್ಲಿ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಆ ಚಳಿಗೆ ತಯಾರಾಗಲು ಗಿಡ ತಾನೇ ನೀರು ಬಿಟ್ಟುಕೊಂಡು ಕುಗ್ಗುತ್ತದೆ. ಒಳಗಿನ ರಸ ಗಟ್ಟಿಯಾದರೆ ಹೆಪ್ಪುಗಟ್ಟುವುದು ಕಷ್ಟ, ಸಕ್ಕರೆ ಪಾಕ ಇದ್ದ ಹಾಗೆ. ಅಂದರೆ ನಾನು ಕಂಡು ಗಾಬರಿಯಾದ ಆ ಕುಗ್ಗುವಿಕೆ ಕಾಯಿಲೆಯೇ ಅಲ್ಲ, ನಿದ್ದೆಗೆ ಹಾಸಿಗೆ ಹಾಸಿಕೊಳ್ಳುತ್ತಿತ್ತು. ಆ ಒಣ ತಂಪು ನಿದ್ದೆಯಲ್ಲೇ ಅದು ಮುಂದಿನ ಹೂವಿಗೆ ಅಣಿಯಾಗುವುದು. ನಾನು ವರ್ಷ ವರ್ಷವೂ ನೀರು ಎರಚಿ ಎಬ್ಬಿಸುತ್ತಿದ್ದೆ.

ನಮ್ಮಲ್ಲಿ ಅಷ್ಟು ಚಳಿ ಎಲ್ಲಿಂದ ಬರಬೇಕು? ಆದರೆ ಒಣಗಿಸುವುದು ನಮ್ಮ ಕೈಯಲ್ಲಿದೆ. ಐದನೆಯ ವರ್ಷ ದೀಪಾವಳಿಗೆ ನೀರು ನಿಲ್ಲಿಸಿದೆ. ಕುಂಡವನ್ನು ತಾರಸಿಯ ಗೋಡೆ ಬದಿಗೆ, ಇಬ್ಬನಿ ತಾಗದ ಆದರೆ ಬಿಸಿಲು ಪೂರ್ತಿ ಬೀಳುವ ಕಡೆ ಇಟ್ಟೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದಲ್ಲ, ಅಲ್ಲಿವರೆಗೆ ಒಂದು ಹನಿ ಇಲ್ಲ. ಗಿಡ ಕುಗ್ಗಿ, ಮಣ್ಣಿನೊಳಗೆ ಇಳಿದು ಹೋಗುತ್ತೇನೋ ಅನ್ನುವ ಹಾಗೆ ಕಂಡಿತು. ನೋಡಲು ಸಂಕಟ. ಸುಮ್ನೆ ಇರುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ.

ಮಣ್ಣನ್ನೂ ಬದಲಿಸಿದ್ದೆ. ಮೊದಲು ತುಂಬಿದ್ದು ಊರಿನ ಎರೆ ಮಣ್ಣು, ಹತ್ತಿಗೆ ಚೆಂದ, ಕಳ್ಳಿಗೆ ಮೃತ್ಯು. ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ. ಈಗ ಅರ್ಧಕ್ಕಿಂತ ಜಾಸ್ತಿ ಗರಸು ಮತ್ತು ಇಟ್ಟಿಗೆ ಚೂರು, ಉಳಿದದ್ದು ಕೆಂಪು ಮಣ್ಣು, ಒಂದು ಹಿಡಿ ಹಳೆ ಗೊಬ್ಬರ. ಮಣ್ಣಿನ ಕುಂಡ. ಬೆಳೆಯುವ ಕಾಲದಲ್ಲಿ ನೀರು ಹಾಕಿದರೆ ಧಾರಾಳವಾಗಿ ಹಾಕಿ, ಪೂರ್ತಿ ಒಣಗುವವರೆಗೆ ಮತ್ತೆ ಮುಟ್ಟಬೇಡಿ. ಒಣಗಿದಾಗ ಇದರ ನವಿರು ಬೇರುಗಳು ಉದುರಿ ಹೋಗುತ್ತವೆ, ಮಳೆ ಬಿದ್ದೊಡನೆ ಹೊಸವು ಬರುತ್ತವೆ. ನಮ್ಮ ಕಡೆ ಹಸ್ತ, ಚಿತ್ತ ಮಳೆಗಳೇ ಜೋರು. ಆಗ ಕುಂಡವನ್ನು ಸೂರಿನ ಕೆಳಗೆ ಎಳೆದುಕೊಳ್ಳಿ. ಮೆತ್ತೆಗಳ ಸಂದಿಯಲ್ಲಿ ಬಿಳಿ ಹಿಟ್ಟು ಕಂಡರೆ ಅದು ಗಿಡದ ಉಣ್ಣೆ ಅಲ್ಲ, ಹಿಟ್ಟು ತಿಗಣೆ. ಹಳೆ ಹಲ್ಲುಜ್ಜುವ ಬ್ರಷ್ ಸಾಕು.

ಮಾರ್ಚ್ ಮೊದಲ ವಾರ. ಎರಡು ತಲೆಯಲ್ಲಿ ದೊಡ್ಡದರ ಪಕ್ಕದಲ್ಲಿ, ನೆತ್ತಿಯಿಂದ ಒಂದು ಬೆರಳಗಲ ಕೆಳಗೆ, ಒಂದು ಮೆತ್ತೆಯ ಮೇಲಂಚಿನಲ್ಲಿ ಚರ್ಮ ಬಿರಿದಿತ್ತು. ಗಾಯ ಅಂದುಕೊಂಡೆ. ಹತ್ತಿರದಿಂದ ನೋಡಿದರೆ ಒಳಗಿನಿಂದ ಕಂದು ಉಣ್ಣೆಯ, ಸೂಜಿಯಂಥ ಮುಳ್ಳಿನ ಒಂದು ಗಂಟು ತಳ್ಳಿಕೊಂಡು ಬರುತ್ತಿದೆ.

ಈ ಕುಲದ ಅತಿ ವಿಚಿತ್ರ ಲಕ್ಷಣ ಇದೇ. ಬೇರೆ ಹೆಚ್ಚಿನ ಕಳ್ಳಿಗಳಲ್ಲಿ ಮೊಗ್ಗು ಮೆತ್ತೆಯಿಂದ ನೇರವಾಗಿ, ಮೇಲಿನಿಂದ ಹೊರಟು ಬರುತ್ತದೆ. ಎಕೈನೋಸೀರಿಯಸ್‌ನಲ್ಲಿ ಮೊಗ್ಗು ಮೆತ್ತೆಗೆ ತಾಗಿಕೊಂಡು, ಕಾಂಡದ ಒಳಗೇ ರೂಪುಗೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕಾಲ ಬಂದಾಗ ಚರ್ಮವನ್ನು ಹರಿದುಕೊಂಡು ಸಿಡಿದು ಬರುತ್ತದೆ. ಹೂವು ಉದುರಿದ ಮೇಲೂ ಆ ಬಿರುಕಿನ ಕಲೆ ಕಾಂಡದ ಮೇಲೆ ಉಳಿದಿರುತ್ತದೆ. ಕಾಂಡ ಓದಲು ಬರುವವರು ಈ ಗಿಡ ಹಿಂದೆ ಎಷ್ಟು ಸಲ ಹೂ ಬಿಟ್ಟಿದೆ ಎಂದು ಕಲೆ ನೋಡಿಯೇ ಹೇಳಬಹುದು.

ಯಾಕೆ ಹೀಗೆ? ಚಳಿ ಮುಗಿಯುವವರೆಗೆ ಎಳೆ ಮೊಗ್ಗು ಒಳಗೆ ಬೆಚ್ಚಗೆ ಇರಲಿ ಅಂತಲೇ ಇರಬೇಕು ಎಂದು ನನಗೆ ಅನಿಸುತ್ತದೆ. ಇದು ನನ್ನ ಊಹೆ ಅಷ್ಟೇ.

ಮೊಗ್ಗು ಕಂಡ ಮೇಲೆ ಸ್ವಲ್ಪ ಸ್ವಲ್ಪ ನೀರು ಶುರು ಮಾಡಿದೆ. ಮೊಗ್ಗು ಹೂವಾಗಲು ಸುಮಾರು ಒಂದು ತಿಂಗಳು ತೆಗೆದುಕೊಂಡಿತು. ಅಷ್ಟೂ ದಿನ ಅದು ಮುಳ್ಳಿನ ಉಂಡೆ. ಹೂವಿನ ಕೆಳಗಿನ ಕೊಳವೆಗೂ ಮುಳ್ಳು, ಉಣ್ಣೆ. ಇದೂ ಈ ಕುಲದ ಗುರುತು, ಹೂವಿಗೂ ಅದು ಮೈಗಾವಲು ಹಾಕಿಯೇ ಕಳಿಸುತ್ತದೆ. ವಿವರಣೆ ಸುಲಭ. ಕಳ್ಳಿಯ ಹೂವಿನ ಕೊಳವೆ ಮತ್ತು ಅಂಡಾಶಯದ ಹೊರಮೈ ನಿಜಕ್ಕೂ ಕಾಂಡದ್ದೇ ಮುಂದುವರಿಕೆ. ಅಂಡಾಶಯ ಕಾಂಡದ ತುದಿಯಲ್ಲಿ ಮುಳುಗಿ ಕುಳಿತಿದೆ. ಕಾಂಡ ಇದ್ದಲ್ಲಿ ಮೆತ್ತೆ, ಮೆತ್ತೆ ಇದ್ದಲ್ಲಿ ಮುಳ್ಳು.

ಏಪ್ರಿಲ್ ಒಂದು ಬೆಳಗ್ಗೆ ಹತ್ತು ಗಂಟೆಗೆ ಬಿಸಿಲು ತಾಗುತ್ತಿದ್ದಂತೆ ಅರಳಿತು. ಗಿಡದಷ್ಟೇ ಅಗಲದ ಹೂವು. 7 ಸೆಂಟಿಮೀಟರ್, ಸ್ಕೇಲು ಹಿಡಿದು ಅಳೆದೆ. ಬಣ್ಣ ಕಣ್ಣು ಕುಕ್ಕುವ ಗುಲಾಬಿ, ಜಾತ್ರೆಯಲ್ಲಿ ಮಾರುವ ಬತ್ತಾಸಿನ ಬಣ್ಣಕ್ಕೂ ಒಂದು ಕೈ ಮೇಲೆ. ಗಂಟಲಿನ ಒಳಗೆ ಮಾತ್ರ ಬಿಳಿ. ಅದರೊಳಗೆ ನೂರಾರು ಹಳದಿ ಕೇಸರಗಳ ಗುಂಪು. ಆ ಗುಂಪಿನ ನಡುವೆ, ಬೇರೆ ಯಾವುದೋ ಗಿಡದಿಂದ ತಂದು ಚುಚ್ಚಿದ ಹಾಗೆ, ಗಾಢ ಹಸಿರಿನ ಹತ್ತು ಹನ್ನೆರಡು ಬೆರಳುಗಳು. ಇವು ಪರಾಗ ಹಿಡಿಯುವ ತುದಿಗಳು, ಹೆಣ್ಣು ಭಾಗ. ಎಕೈನೋಸೀರಿಯಸ್‌ನ ಬಹುತೇಕ ಎಲ್ಲ ಜಾತಿಗಳಲ್ಲೂ ಇದು ಹಸಿರು. ಹೂವಿನ ಬಣ್ಣ ಏನೇ ಇರಲಿ, ನಡುವೆ ಹಸಿರು ಬೆರಳು ಕಂಡರೆ ಮುಳ್ಳಂದಿ ಕಳ್ಳಿ ಎಂದು ಮುಕ್ಕಾಲು ಪಾಲು ಖಾತ್ರಿ ಮಾಡಿಕೊಳ್ಳಬಹುದು. ಸಂಜೆ ಮುಚ್ಚಿಕೊಂಡಿತು. ಮರುದಿನ ಬಿಸಿಲಿಗೆ ಮತ್ತೆ ತೆರೆಯಿತು. ನಾಲ್ಕು ದಿನ ಹೀಗೆ, ಐದನೆಯ ದಿನ ತೆರೆಯಲೇ ಇಲ್ಲ.

ಅಂಗಡಿಯಲ್ಲಿ ಕಳ್ಳಿ ಹೂವು ಕಂಡರೆ ಈಗ ನಾನು ಮೊದಲು ಜಾಗ ನೋಡುತ್ತೇನೆ. ಮುಳ್ಳಂದಿ ಕಳ್ಳಿಯಾದರೆ ನೆತ್ತಿಯ ನಟ್ಟನಡುವೆ ಹೂವು ಬರುವುದಿಲ್ಲ, ಪಕ್ಕದ ಮೆತ್ತೆಯಿಂದ ಬರಬೇಕು. ಕೊಳವೆಗೆ ಮುಳ್ಳು ಇರಬೇಕು. ದಳ ಮುಟ್ಟಿದರೆ ತಂಪಾಗಿ, ತೇವವಾಗಿ ಇರಬೇಕು, ಸದ್ದು ಮಾಡಬಾರದು. ಸಂಜೆ ಏಳಕ್ಕೂ ಅರಳಿಕೊಂಡೇ ಇದ್ದರೆ ಅನುಮಾನಪಡಿ.

ಹಾಗೆಂದು ರಾತ್ರಿ ಮುಚ್ಚದ ಮುಳ್ಳಂದಿ ಕಳ್ಳಿಯೇ ಇಲ್ಲ ಅಂತಲ್ಲ. ಟ್ರೈಗ್ಲೋಕಿಡಿಯಾಟಸ್ ಎಂಬ ಅಣ್ಣ ಒಬ್ಬನಿದ್ದಾನೆ. ರಕ್ತಕೆಂಪು, ಮೇಣದಂಥ ಗಟ್ಟಿ ದಳ, ಬಟ್ಟಲಿನ ಆಕಾರ, ಹಗಲೂ ರಾತ್ರಿಯೂ ತೆರೆದೇ ಇರುತ್ತದೆ. ಗುಲಾಬಿ ಬಣ್ಣದ ಹೂವಿನ ಮುಳ್ಳಂದಿ ಕಳ್ಳಿಗಳು ಜೇನುಹುಳುಗಳಿಗಾಗಿ ಅರಳುತ್ತವೆ, ಇವನು ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಗಾಗಿ. ಹಕ್ಕಿಗೆ ಕೆಂಪು ಚೆನ್ನಾಗಿ ಕಾಣುತ್ತದೆ, ಕೊಕ್ಕು ತಾಗಿದರೂ ಹರಿಯದ ದಳ ಬೇಕು, ತಳದಲ್ಲಿ ಮಕರಂದ ತುಂಬಿರಬೇಕು. ನಮ್ಮಲ್ಲಿ ಆ ಹಕ್ಕಿ ಇಲ್ಲ, ಸೂರಕ್ಕಿ ಬಂದರೂ ಬರಬಹುದು. 2014ರಲ್ಲಿ ಕೊಲರಾಡೋ ರಾಜ್ಯ ಇದನ್ನು ತನ್ನ ರಾಜ್ಯದ ಕಳ್ಳಿ ಎಂದು ಘೋಷಿಸಿಕೊಂಡಿತು. ಇನ್ನೊಂದು ವಿರಿಡಿಫ್ಲೋರಸ್, ಹೂವೇ ಹಸಿರು, ಹಿಮ ಬೀಳುವ ದಕ್ಷಿಣ ಡಕೋಟಾವರೆಗೂ ಹೋಗಿ ಬದುಕುತ್ತದೆ. ಅದನ್ನು ದುರ್ಗದ ಬಿಸಿಲಿಗೆ ತರುವ ಆಸೆ ಬೇಡ.

ನನ್ನ ಹೂವಿನಿಂದ ಕಾಯಿ ಆಗಲಿಲ್ಲ. ಬ್ರಷ್ ಹಿಡಿದು ಅದೇ ಹೂವಿನ ಪರಾಗವನ್ನು ಅದರ ಹಸಿರು ಬೆರಳಿಗೇ ಸವರಿದ್ದೆ, ಪ್ರಯೋಜನವಿಲ್ಲ. ಈ ಕುಲದ ಹೆಚ್ಚಿನ ಗಿಡಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಬೇರೆ ಗಿಡದ್ದೇ ಬೇಕು. ಒಂದೇ ತಾಯಿಯಿಂದ ಕತ್ತರಿಸಿ ಬೆಳೆಸಿದ್ದೂ ನಡೆಯುವುದಿಲ್ಲ, ಯಾಕೆಂದರೆ ಅದು ಅದೇ ಗಿಡ.

ಮರುವರ್ಷ ದಾವಣಗೆರೆಯ ಗೆಳೆಯನ ಗಿಡವೂ ಅದೇ ವಾರ ಹೂ ಬಿಟ್ಟಿತು. ಅವನು ಬೀಜದಿಂದ ಬೆಳೆಸಿದ್ದು, ಹಾಗಾಗಿ ಬೇರೆ ವಂಶ. ಅವನು ಕೇಸರಗಳನ್ನು ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಮಡಚಿ, ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿ ಬಂದ. ಅರವತ್ತು ಕಿಲೋಮೀಟರ್. ಕಂಡಕ್ಟರ್ ಪರಾಗಕ್ಕೆ ಲಗೇಜು ಚಾರ್ಜು ಕೇಳಲಿಲ್ಲ ಎಂದು ನಗುತ್ತಿದ್ದ. ಮಧ್ಯಾಹ್ನ ಹೂವು ಪೂರ್ತಿ ಅರಳಿದ್ದಾಗ ಸವರಿದೆವು. ಜೇನುಹುಳ ಒಂದು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಇಬ್ಬರು ಗಂಡಸರು ಅರ್ಧ ದಿನ ರಜೆ ಹಾಕಿದ್ದೆವು.

ಈ ಸಲ ಬಾಡಿದ ಹೂವು ಉದುರಲಿಲ್ಲ. ಅದರ ಬುಡ ಉಬ್ಬಿತು. ಜೂನ್ ಕೊನೆಗೆ ಅಡಿಕೆಗಿಂತ ಸ್ವಲ್ಪ ದೊಡ್ಡ, ಹಸಿರುಗಂದು ಕಾಯಿ, ಮೈತುಂಬ ಮುಳ್ಳು. ಮಾಗಿದಾಗ ಆ ಮುಳ್ಳುಗಳು ತಾವಾಗಿಯೇ ಸಡಿಲವಾಗಿ ಉದುರಿದವು. ಹಕ್ಕಿಗಳೂ ಇಲಿಗಳೂ ತಿಂದು ಬೀಜ ಹರಡಲಿ ಎಂದು ಗಿಡ ಕಾವಲು ತೆಗೆಯುವುದು ಆಗಲೇ. ಒಳಗೆ ಬಿಳಿ ತಿರುಳು, ಸಾಸಿವೆಗಿಂತ ಸಣ್ಣ ಕರಿ ಬೀಜ. ಎಂಗೆಲ್ಮನೈ ಜಾತಿಯ ಹಣ್ಣು ಸ್ಟ್ರಾಬೆರಿ ರುಚಿಯಂತೆ, ಅದಕ್ಕೆ ಆ ಹೆಸರೂ ಇದೆ. ನನ್ನದನ್ನು ನಾಲಿಗೆಗೆ ತಾಗಿಸಿ ನೋಡಿದೆ, ಸಪ್ಪೆ ಸಿಹಿ.

ಮಿಠಾಯಿ ಡಬ್ಬಿಯಲ್ಲಿ ಸಣ್ಣ ಗರಸು ಹಾಕಿ, ಒದ್ದೆ ಮಾಡಿ, ಬೀಜ ಉದುರಿಸಿ ಮುಚ್ಚಳ ಹಾಕಿದೆ. ಹತ್ತು ದಿನಕ್ಕೆ ಹಸಿರು ಮಣಿಗಳು. 23 ಹುಟ್ಟಿದವು, 9 ಉಳಿದವು. ಒಂದೊಂದರ ತಲೆಯ ಮೇಲೂ ಆಗಲೇ ಒಂದು ಪುಟ್ಟ ಮೆತ್ತೆ, ಅದರಲ್ಲಿ ಕೂದಲಿನಂಥ ಬಿಳಿ ಮುಳ್ಳು. ಅಮ್ಮ ಕನ್ನಡಕ ಹಾಕಿಕೊಂಡು ಡಬ್ಬಿಯೊಳಗೆ ಬಗ್ಗಿ ನೋಡಿದಳು.

"ಇವು ಹೂ ಬಿಡೋದು ಯಾವಾಗ?"

"ನಾಲ್ಕೈದು ವರ್ಷ ಆಗ್ತದಮ್ಮ."

"ಅಲ್ಲಿತಂಕ ಆ ನೀರಿನ ಚೊಂಬು ನಾನೇ ಎತ್ತಿಟ್ಟಿರ್ತೀನಿ ಬಿಡು" ಎಂದು ಒಳಗೆ ಹೋದಳು.